ಗ್ರಾವೆಲ್ ಸೈಕಲ್ಲಿಗೆ ಬಂಡಿದಾರಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಗ್ರಾವೆಲ್ ಸೈಕಲ್, ಅಂದರೆ ಮಣ್ಣು, ಗರಸು ದಾರಿಗೆಂದೇ ಮಾಡಿದ ಅಗಲ ಟೈರಿನ ಸೈಕಲ್, ತಗೊಂಡವರೆಲ್ಲ ಚಿಕ್ಕಮಗಳೂರಿಗೆ ಬಂದೊಡನೆ ಮುಳ್ಳಯ್ಯನಗಿರಿ ಕಡೆ ನೋಡುತ್ತಾರೆ. ನೀನು ಪೂರ್ವಕ್ಕೆ ತಿರುಗು. ಗಿರಿಯಲ್ಲಿ ಸಿಗುವುದು ಡಾಂಬರು, ವಾಹನಗಳ ಸಾಲು. ಕಾಫಿ ತೋಟದೊಳಗಿನ ಮಣ್ಣುದಾರಿ ಖಾಸಗಿ, ತೋಟದ ಮೇಲ್ವಿಚಾರಣೆ ನೋಡುವ ರೈಟರನ್ನು ಕೇಳದೆ ಗೇಟು ದಾಟಬಾರದು. ಮುತ್ತೋಡಿ ಕಡೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಅದನ್ನು ಮರೆತುಬಿಡು. ಸಖರಾಯಪಟ್ಟಣ, ಬೆಳವಾಡಿ, ಜಾವಗಲ್, ಹಳೇಬೀಡು ಸುತ್ತಿನ ಬಯಲಲ್ಲಿ ಊರಿಂದೂರಿಗೆ ಬಂಡಿದಾರಿ, ಕೆರೆ ಏರಿ. ನಮಗೆ ಬೇಕಾದದ್ದು ಅಲ್ಲಿದೆ.

ಹುಡುಕುವುದು ಹೀಗೆ. ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ಗ್ರಾಮ ನಕ್ಷೆಗಳು ಪಿಡಿಎಫ್ ಆಗಿ ಸಿಗುತ್ತವೆ. ಒಂಟಿ ಚುಕ್ಕೆಸಾಲು ಕಾಲುದಾರಿ, ಜೋಡಿ ಚುಕ್ಕೆಸಾಲು ಬಂಡಿದಾರಿ. ಜೋಡಿ ಸಾಲು ಗಡಿ ದಾಟಿ ಪಕ್ಕದ ಗ್ರಾಮದ ನಕ್ಷೆಯಲ್ಲೂ ಮುಂದುವರಿದಿದ್ದರೆ ಮಾತ್ರ ಗುರುತು ಹಾಕಿಕೋ. ಇಲ್ಲದಿದ್ದರೆ ಯಾರದೋ ಹೊಲದಲ್ಲಿ ದಾರಿ ಮುಗಿದುಹೋಗುತ್ತದೆ. ಆಮೇಲೆ ಗೂಗಲ್ ಅರ್ತ್‌ನಲ್ಲಿ ಅದೇ ಜಾಗದ ಫೆಬ್ರವರಿ, ಮಾರ್ಚ್ ಚಿತ್ರ ತೆರೆ. ಆಗ ಹೊಲ ಬರಿದಾಗಿರುತ್ತದೆ. ಎರಡು ತಿಳಿ ಗೆರೆ, ನಡುವೆ ಹುಲ್ಲಿನ ಪಟ್ಟೆ ಕಂಡರೆ ಟ್ರ್ಯಾಕ್ಟರ್ ಈಗಲೂ ಓಡಾಡುತ್ತಿದೆ ಎಂದರ್ಥ. ಗೆರೆ ಇಡೀ ಕಡುಹಸಿರಾಗಿದ್ದರೆ ಲಂಟಾನ ಮುಚ್ಚಿದೆ. ಗೆರೆಯೇ ಇಲ್ಲವೆಂದರೆ ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದಾರೆ. ಮಲೆನಾಡಿನಲ್ಲಿ ಈ ಉಪಾಯ ನಡೆಯದು, ಸಿಲ್ವರ್ ಓಕ್ ನೆರಳಿನಡಿ ಏನೂ ಕಾಣುವುದಿಲ್ಲ. ಸ್ಥಳದಲ್ಲಿ ಅನುಮಾನ ಬಂದರೆ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕಡೂರಿನ ಬಾಸೂರು ಕಾವಲು ಚಿತ್ರದಲ್ಲಿ ಆಸೆ ಹುಟ್ಟಿಸುವ ಹುಲ್ಲುಗಾವಲು, ಆದರೆ ಅದು ಕೃಷ್ಣಮೃಗಗಳ ಸಂರಕ್ಷಿತ ಜಾಗ. ಹೋಗಬೇಡ.

ಹಾಸನ ಕಡೆ ಹೋದರೆ ಗೊರೂರು ಅಣೆಕಟ್ಟಿನಿಂದ ಹೊರಡುವ ಹೇಮಾವತಿ ಕಾಲುವೆಗಳ ಪಕ್ಕದ ದಾರಿ ನೋಡು. ನೀರು ತಾನಾಗಿ ಹರಿಯಬೇಕಾದ್ದರಿಂದ ಏರಿಳಿತ ಇಲ್ಲವೇ ಇಲ್ಲ ಅನ್ನಬಹುದು. ದಾರಿ ಕೆಲವೆಡೆ ಸೇತುವೆ ಬಳಿ ಆಚೆ ದಡಕ್ಕೆ ಹಾರುತ್ತದೆ. ಅದನ್ನು ಮನೆಯಲ್ಲೇ ಗುರುತಿಸಿಕೋ.

ಇನ್ನು ಮಣ್ಣು. ಎಲ್ಲಕ್ಕಿಂತ ಮುಖ್ಯ ಇದು. ಕೆಂಪು ಗರಸು ಮಳೆ ನಿಂತ ಕೆಲವು ಗಂಟೆಗಳಲ್ಲೇ ಓಡಿಸುವಂತಾಗುತ್ತದೆ. ಅಜ್ಜಂಪುರ ಕಡೆಯ ಕಪ್ಪು ಎರೆಮಣ್ಣು ಹಾಗಲ್ಲ, ಜೋರು ಮಳೆಯಾದರೆ ಎರಡು ಮೂರು ದಿನ ಅತ್ತ ತಲೆ ಹಾಕಬೇಡ. ಅದು ಟೈರಿಗೆ ಪದರಪದರವಾಗಿ ಮೆತ್ತಿಕೊಂಡು ಫೋರ್ಕಿನ ಸಂದಿ ತುಂಬುತ್ತದೆ, ಚಕ್ರ ಕಚ್ಚಿಕೊಳ್ಳುತ್ತದೆ. ಆಗಲೂ ಪೆಡಲ್ ಒತ್ತಿದರೆ ಚೈನು ಗೇರು ಬದಲಿಸುವ ಹಿಂದಿನ ಡಿರೇಲರನ್ನು ಎಳೆದು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎಂಬ ಪುಟ್ಟ ಲೋಹದ ತುಂಡು ಮುರಿಯುತ್ತದೆ. ಚಕ್ರ ಬಿಗಿಯಾಯಿತು ಅನ್ನಿಸಿದ ತಕ್ಷಣ ಇಳಿ, ಕಡ್ಡಿಯಿಂದ ಕೆರೆದು ತೆಗೆ, ಸೈಕಲ್ ಹೊತ್ತುಕೊಂಡು ಗಟ್ಟಿ ನೆಲಕ್ಕೆ ಬಾ. ನಿನ್ನ ಫ್ರೇಮಿಗೆ ಸರಿಹೊಂದುವ ಹ್ಯಾಂಗರ್ ಒಂದು ಬ್ಯಾಗಿನಲ್ಲಿರಲಿ. ಹಳ್ಳಿ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ ಅದು.

ಟೈರು 40 ಎಂ.ಎಂ. ಅಗಲವಿದ್ದರೆ ಸಾಕು. 70 ಕೆ.ಜಿ. ಆಸುಪಾಸಿನ ತೂಕಕ್ಕೆ ಟ್ಯೂಬ್‌ಲೆಸ್‌ನಲ್ಲಿ ಗಾಳಿಯ ಒತ್ತಡ ಮುಂದೆ 30, ಹಿಂದೆ 33 ಪಿಎಸ್‌ಐನಿಂದ ಶುರುಮಾಡು. ಕಲ್ಲಿಗೆ ರಿಮ್ ತಾಗುತ್ತಿದ್ದರೆ ಎರಡೆರಡು ಏರಿಸು. ನೆಗ್ಗಿಲು, ಜಾಲಿಮುಳ್ಳು ಇಲ್ಲಿ ತಪ್ಪಿದ್ದಲ್ಲ. ಒಂದೊಂದು ಟೈರಿಗೆ 60 ಎಂ.ಎಲ್. ಸೀಲಂಟ್ (ತೂತನ್ನು ಒಳಗಿಂದಲೇ ಮುಚ್ಚುವ ದ್ರವ) ಹಾಕು, ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ನೋಡು. ಟ್ಯೂಬಿದ್ದರೆ, ಬದಲಿಸುವ ಮುನ್ನ ಟೈರಿನ ಒಳಮೈಯನ್ನು ಬೆರಳಿಂದ ಮೆಲ್ಲಗೆ ಸವರಿ ಮುರಿದ ಮುಳ್ಳಿನ ತುದಿ ತೆಗೆ. ಅದು ಉಳಿದರೆ ಹೊಸ ಟ್ಯೂಬೂ ಹೋಗುತ್ತದೆ. ಪಂಕ್ಚರ್ ಅಂಗಡಿಗಳ ಗಾಳಿಪೈಪು ಬೈಕಿನ ವಾಲ್ವಿಗಷ್ಟೇ ಕೂರುತ್ತದೆ, ನಿನ್ನ ಸೈಕಲ್ಲಿನ ತೆಳು ಪ್ರೆಸ್ಟಾ ವಾಲ್ವಿಗೆ ಅದು ಕೂರುವಂತೆ ಮಾಡುವ ಅಡಾಪ್ಟರ್ ಒಂದು ಜೇಬಿನಲ್ಲಿರಲಿ.

ಬೇಲೂರು, ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಕಾಡಾನೆ ಓಡಾಟವಿದೆ. ಅತ್ತ ಹೋಗುವುದಾದರೆ ಬಿಸಿಲೇರಿದ ಮೇಲೆ ಹೊರಟು ನಾಲ್ಕು ಗಂಟೆಯೊಳಗೆ ದೊಡ್ಡ ರಸ್ತೆ ಸೇರಿಕೋ, ಊರಿನವರು ಇವತ್ತು ಬೇಡ ಅಂದರೆ ವಾದಿಸದೆ ತಿರುಗಿ ಬಾ.

ಬೆಳವಾಡಿ ಸುತ್ತಿನ ನಕ್ಷೆಗಳನ್ನು ಮೊದಲು ಜೋಡಿಸಿ ದಾರಿಯ ಜಿಪಿಎಸ್ ಫೈಲು (ಜಿಪಿಎಕ್ಸ್) ಕಳಿಸು, ಯಾವ ತುಂಡು ಎರೆಮಣ್ಣು ಅಂತ ಗುರುತು ಹಾಕಿ ಕೊಡುತ್ತೇನೆ.

ನಿನ್ನ ಗೆಳೆಯ