ಕೋಶಕ್ಕೆ ಚಾರ್ಜ್ ಕೊಡುವ ಚಾಪೆ

ಮಾನ್ಯ ಸಂಪಾದಕರೆ,

ಕಳೆದ ಭಾನುವಾರ ನಿಮ್ಮ ಪತ್ರಿಕೆ ಬಿಡಿಸಿದಾಗ ಒಂದು ಬಣ್ಣದ ಕರಪತ್ರ ಜಾರಿ ಬಿತ್ತು. 'ಕ್ಯಾನ್ಸರ್ ಎಂದರೆ ಜೀವಕೋಶದ ವೋಲ್ಟೇಜ್ ಇಳಿಯುವುದು. ನಮ್ಮ ಚಾಪೆಯ ಮೇಲೆ ಮಲಗಿ, ಚಾರ್ಜ್ ಮಾಡಿಕೊಳ್ಳಿ.' ಬೆಲೆ 18,000 ರೂಪಾಯಿ. ಅದನ್ನು ಅಚ್ಚು ಹಾಕಿದ್ದು ನೀವಲ್ಲ, ನಸುಕಿನಲ್ಲಿ ಯಾರೋ ಸೇರಿಸಿದ್ದು ಎಂದು ಬಲ್ಲೆ. ಆದರೆ ಸ್ತನ ಕ್ಯಾನ್ಸರ್‌ಗೆ ಕಿಮೊ ತೆಗೆದುಕೊಳ್ಳುತ್ತಿರುವ ನನ್ನ ಅಕ್ಕನಿಗೆ ಆ ವ್ಯತ್ಯಾಸ ಕಾಣಲಿಲ್ಲ. 'ಪೇಪರಿನಲ್ಲಿ ಬಂದಿದೆ. ನೀನು ಪಾಠ ಮಾಡುತ್ತಿದ್ದುದೂ ಇದನ್ನೇ ಅಲ್ಲವೇನೋ?' ಎಂದಳು.

ಕರಪತ್ರದ ಮೊದಲ ವಾಕ್ಯ ಪೂರ್ತಿ ಸುಳ್ಳಲ್ಲ ಎಂಬುದೇ ನನ್ನ ಸಂಕಟ. ಪ್ರತಿ ಜೀವಕೋಶಕ್ಕೂ ಎರಡು ಪದರದ ಕೊಬ್ಬಿನ ಪೊರೆಯಿದೆ. ದಪ್ಪ ಸುಮಾರು 5 ನ್ಯಾನೊಮೀಟರ್. ಅದರ ಒಳಬದಿ ಹೊರಬದಿಗಿಂತ ಋಣ. ವಿಶ್ರಾಂತಿಯಲ್ಲಿರುವ ನರಕೋಶದಲ್ಲಿ ಈ ವೋಲ್ಟೇಜ್ ಅಂತರ ಸುಮಾರು 70 ಮಿಲಿವೋಲ್ಟ್. ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಇದಕ್ಕಿಂತ ಬಹಳ ಕಡಿಮೆ. ಸ್ತನದ ಗಡ್ಡೆಗಳ ವಿದ್ಯುತ್ ಧಾರಕತೆಯನ್ನು, ಅಂದರೆ ಚಾರ್ಜ್ ಹಿಡಿದಿಡುವ ಸಾಮರ್ಥ್ಯವನ್ನು, ಫ್ರಿಕ್ ಮತ್ತು ಮೋರ್ಸ್ ಎಂಬ ವಿಜ್ಞಾನಿಗಳು ಅಳೆದದ್ದು 1926ರಲ್ಲೇ. ಕೊಬ್ಬೂ ಬದಲಾಗುತ್ತದೆ: ಆರೋಗ್ಯವಂತ ಕೋಶ ಒಳಪದರದಲ್ಲೇ ಇಟ್ಟುಕೊಳ್ಳುವ ಫಾಸ್ಫಟಿಡೈಲ್‌ಸೆರಿನ್ ಎಂಬ ಋಣ ವಿದ್ಯುದಂಶದ ಕೊಬ್ಬು ಹಲವು ಕ್ಯಾನ್ಸರ್ ಕೋಶಗಳಲ್ಲಿ ಹೊರಮೈಗೆ ಬಂದು ಕೂರುತ್ತದೆ. ಸೀರೆಯನ್ನು ಒಳಮೈ ಹೊರಗೆ ಮಾಡಿ ಉಟ್ಟ ಹಾಗೆ ಎಂದೆ. ಅಕ್ಕ ನಕ್ಕಳು, ಬಹಳ ದಿನಗಳ ಮೇಲೆ.

ಇನ್ನು ಚಾಪೆ. ಪಿಯುಸಿ ಹುಡುಗರೂ ಮಾಡಬಲ್ಲ ಲೆಕ್ಕವಿದು. 70 ಮಿಲಿವೋಲ್ಟನ್ನು 5 ನ್ಯಾನೊಮೀಟರಿನಿಂದ ಭಾಗಿಸಿದರೆ ಮೀಟರಿಗೆ 1 ಕೋಟಿ 40 ಲಕ್ಷ ವೋಲ್ಟ್. ಒಣ ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ಸಾಕು! ಕೋಶ ಇಷ್ಟು ದೊಡ್ಡ ವಿದ್ಯುತ್ ಕ್ಷೇತ್ರವನ್ನು ಉಳಿಸಿಕೊಳ್ಳುವುದು ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ತಳ್ಳುವ ಪಂಪುಗಳಿಂದ ಮತ್ತು ಪೊಟ್ಯಾಸಿಯಂ ಸೋರುವ ಕಿಂಡಿಗಳಿಂದ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ 12 ವೋಲ್ಟಿನ ಚಾಪೆಗೆ ಆ ಪಂಪುಗಳ ಪರಿಚಯವೇ ಇಲ್ಲ. ಮೈಯ ಉಪ್ಪುನೀರು ಹೊರಗಿನ ಕ್ಷೇತ್ರವನ್ನು ಬಹುಪಾಲು ಚರ್ಮದಲ್ಲೇ ತಡೆಯುತ್ತದೆ.

ವಿದ್ಯುತ್ತನ್ನು ಬಳಸುವ ನಿಜವಾದ ಚಿಕಿತ್ಸೆಯೂ ಉಂಟು. ಗ್ಲಿಯೊಬ್ಲಾಸ್ಟೊಮಾ ಎಂಬ ಮೆದುಳಿನ ಗಡ್ಡೆಗೆ, ತಲೆಗೆ ಅಂಟಿಸಿದ ಪಟ್ಟಿಗಳಿಂದ 200 ಕಿಲೊಹರ್ಟ್ಸ್ ಕ್ಷೇತ್ರ ಹಾಯಿಸುತ್ತಾರೆ; 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ದೊಡ್ಡ ಪ್ರಯೋಗವೊಂದರಲ್ಲಿ ಕಿಮೊ ಮಾತ್ರೆಯ ಜೊತೆಗೆ ಇದನ್ನೂ ಬಳಸಿದವರ ಮಧ್ಯಾಂಕ ಆಯುಸ್ಸು (ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ) ಸುಮಾರು ಐದು ತಿಂಗಳು ಹೆಚ್ಚಿತು. ಅಷ್ಟೇ. ಅದು ತಡೆಯುವುದು ಕೋಶ ವಿಭಜನೆಯನ್ನು. ಯಾವ ಕೋಶವನ್ನೂ 'ಚಾರ್ಜ್' ಮಾಡುವುದಿಲ್ಲ.

ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯೇ ನಿಷೇಧಿಸಿದೆ. ಇಂಥ ಹಾಳೆಗಳನ್ನು ಪತ್ರಿಕೆಯೊಳಗೆ ಸೇರಿಸದಂತೆ ನಿಮ್ಮ ವಿತರಕರಿಗೆ ದಯವಿಟ್ಟು ತಾಕೀತು ಮಾಡಿ. ಕರಪತ್ರದ ಪ್ರತಿಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಮೂಲ ಪ್ರತಿ ಅಕ್ಕನ ಬಳಿಯಿದೆ, ಕೊಡಲು ಅವಳಿನ್ನೂ ಒಪ್ಪಿಲ್ಲ.

— ನಿವೃತ್ತ ಭೌತವಿಜ್ಞಾನ ಉಪನ್ಯಾಸಕ, ಸಾಗರ