ಭಾನುವಾರದ ಗಣಿತ ಕೂಟ: ಇಪ್ಪತ್ತು ಅಂಕಿಗಳ ಸಂಖ್ಯೆ

ಗುಂಪಿನ ಎಲ್ಲ ಸದಸ್ಯರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ತೀರ್ಥಹಳ್ಳಿಯ ಎಂದಿನ ಕೊಠಡಿಯಲ್ಲಿ ಸೇರಿ, 18446744073709551615 ಎಂಬ ಸಂಖ್ಯೆಯನ್ನು, ಅಂದರೆ 2ರ 64ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆಯನ್ನು, ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಲಿದ್ದೇವೆ. ಅಂಕಿಗಳ ಮೊತ್ತ 87 ಆಗಿರುವುದರಿಂದ ಅದು 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಅಲ್ಲಿಂದ ಮುಂದೆ ನೇರ ಭಾಗಾಕಾರ ವ್ಯರ್ಥ ಶ್ರಮ. ವರ್ಗಗಳ ವ್ಯತ್ಯಾಸದ ಸೂತ್ರವನ್ನು, ಅಂದರೆ a² − b² = (a − b)(a + b) ಎಂಬುದನ್ನು, ಮತ್ತೆ ಮತ್ತೆ ಅನ್ವಯಿಸಿದರೆ 3, 5, 17, 257, 65537 ಮತ್ತು 4294967297 ತಾವಾಗಿ ಹೊರಬರುತ್ತವೆ. ಕೊನೆಯದನ್ನು ಅವಿಭಾಜ್ಯವೆಂದೇ ಫ್ರೆಂಚ್ ಗಣಿತಜ್ಞ ಫರ್ಮಾ ಭಾವಿಸಿದ್ದರು. ಅದು 641ರಿಂದ ಭಾಗವಾಗುತ್ತದೆಂದು 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ತೋರಿಸಿದರು. ನನ್ನ ದೃಷ್ಟಿಯಲ್ಲಿ ನಿಜವಾದ ಸ್ವಾರಸ್ಯ ಇರುವುದು ಇಲ್ಲಿಯೇ, ಆದ್ದರಿಂದ ಹೆಚ್ಚಿನ ಸಮಯ ಇದಕ್ಕೇ ಮೀಸಲು.

ಬರುವ ಮೊದಲು 641ನ್ನು 5ರ ಮತ್ತು 2ರ ಘಾತಗಳಿಂದ ಎರಡು ಬಗೆಯಲ್ಲಿ ಬರೆಯಲು ದಯವಿಟ್ಟು ಪ್ರಯತ್ನಿಸಿ. ಆಯ್ಲರ್ ಫಲಿತಾಂಶದ ಚಿಕ್ಕ ರುಜುವಾತಿಗೆ ಅಷ್ಟು ಸಾಕು. ನೋಟ್‌ಬುಕ್ ತರಲೇಬೇಕು, ಏಕೆಂದರೆ ಮೊಬೈಲಿನ ಅನೇಕ ಕ್ಯಾಲ್ಕುಲೇಟರುಗಳು ಇಷ್ಟು ಉದ್ದದ ಸಂಖ್ಯೆಯ ಕೊನೆಯ ಅಂಕಿಗಳನ್ನು ನುಂಗಿಬಿಡುತ್ತವೆ (ಮಳೆಗಾಲದಲ್ಲಿ ಕರೆಂಟನ್ನು ನಂಬುವಂತೆಯೂ ಇಲ್ಲ).

ಸಾಗರ, ಹೊಸನಗರಗಳ ಕಡೆಯಿಂದ ಬರುವವರು ಊಟದ ಏರ್ಪಾಟಿಗಾಗಿ ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಉತ್ತರಿಸಬೇಕಾಗಿ ವಿನಂತಿ.