ಆರು ವಾರದಲ್ಲಿ ಯಾರಿಗೆ ಎಷ್ಟು ಸಮಯ

ಪ್ರೀತಿಯ ಪುಟ್ಟೀ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಬೇರೆ ದೇಶಗಳ ಶಿಕ್ಷಕರನ್ನು ಅಮೆರಿಕಕ್ಕೆ ಕರೆಸುವ ಅಲ್ಲಿನ ಸರ್ಕಾರದ ಫುಲ್‌ಬ್ರೈಟ್ ಕಾರ್ಯಕ್ರಮಕ್ಕೆ ನೀನು ಆಯ್ಕೆಯಾದ ಸುದ್ದಿ ಓದಿ ಮನಸ್ಸು ತುಂಬಿಬಂತು. ನಾನೂ ಪಾಠ ಮಾಡಿಯೇ ಬದುಕಿದವಳು, ಹಾಗಾಗಿ ಈ ಸಂತೋಷ ನನಗೆ ಸ್ವಲ್ಪ ಜಾಸ್ತಿಯೇ.

ಅಮೆರಿಕದಲ್ಲಿರುವ ಕಾಲೇಜು ಗೆಳತಿಯರನ್ನೆಲ್ಲ ಈ ನೆಪದಲ್ಲಿ ನೋಡಿಬಿಡುತ್ತೇನೆ ಅಂತ ಬರೆದಿದ್ದೀಯ. ಅದರ ಬಗ್ಗೆಯೇ ಈ ಪತ್ರ.

ನಿನಗೆ ಸಿಗುವುದು ಆರು ವಾರ. ವಾರದ ದಿನಗಳಲ್ಲಿ ವಿಶ್ವವಿದ್ಯಾಲಯದ ತರಗತಿಗಳು, ಜೊತೆಗೆ ಅಲ್ಲಿನ ಶಾಲೆಯ ಕೆಲಸ. ಉಳಿಯುವುದು ಶನಿವಾರ, ಭಾನುವಾರ ಮಾತ್ರ. ನ್ಯೂಜೆರ್ಸಿಯ ಗೆಳತಿಯಿಂದ ಕ್ಯಾಲಿಫೋರ್ನಿಯಾದ ಗೆಳತಿಯ ಹತ್ತಿರ ಹೋಗಲು ವಿಮಾನದಲ್ಲೇ ಸುಮಾರು ಆರು ಗಂಟೆ ಬೇಕು. ಗಡಿಯಾರದಲ್ಲೂ ಮೂರು ಗಂಟೆ ವ್ಯತ್ಯಾಸ. ಪ್ರತಿ ವಾರ ಹೀಗೆ ಓಡಿದರೆ ಸೋಮವಾರ ನಿದ್ದೆಗಣ್ಣಲ್ಲಿ ಕೂರುತ್ತೀಯ. ಬೇರೆ ಬೇರೆ ದೇಶಗಳಿಂದ ಬಂದ ಶಿಕ್ಷಕರ ಪರಿಚಯ ಬರೀ ನಮಸ್ಕಾರಕ್ಕೆ ನಿಂತುಹೋಗುತ್ತದೆ. ಗೆಳತಿಯರು ಮುಂದೆಯೂ ಸಿಗುತ್ತಾರೆ. ಈ ಶಿಕ್ಷಕರೆಲ್ಲ ಮತ್ತೆ ಒಂದೇ ಕಡೆ ಸೇರುವುದು ಕಷ್ಟ. ಅದಕ್ಕೇ ಒಬ್ಬ ಗೆಳತಿಯನ್ನು ಆರಿಸಿಕೋ, ಒಂದು ವಾರಾಂತ್ಯ ಪೂರ್ತಿ ಅವಳಿಗೇ ಕೊಡು. ಉಳಿದವರ ಜೊತೆ ಫೋನಿನಲ್ಲಿ ಮನಸಾರೆ ಮಾತಾಡು. ರಾತ್ರಿ ಹೊರಗೆ ಉಳಿಯುವುದಾದರೆ ಕಾರ್ಯಕ್ರಮದವರಿಗೆ ಮೊದಲೇ ಹೇಳು.

ಮಾತು ಬಿಟ್ಟುಹೋಗಿದೆ ಎಂದು ನೀನು ಯಾರ ಬಗ್ಗೆ ಬರೆದಿದ್ದೀಯೋ, ಆ ಒಬ್ಬಳು ಅವಳೇ ಆಗಲಿ ಅಂತ ನನ್ನ ಆಸೆ. ಇಷ್ಟು ವರ್ಷ ಸುಮ್ನಿದ್ದು ಈಗ ಹೇಗೆ ಬರೆಯಲಿ ಅಂತ ಸಂಕೋಚ, ಅಲ್ವಾ? ಆ ಸಂಕೋಚ ಸಾಮಾನ್ಯವಾಗಿ ಬರೆಯುವವರ ಕಡೆಯೇ ಜಾಸ್ತಿ ಇರುತ್ತದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲೂ ಇದೇ ಕಂಡಿತ್ತು. ನೆನಪಿಸಿಕೊಂಡು ಬರೆದರೆ ಎದುರಿನವರಿಗೆ ಎಷ್ಟು ಖುಷಿಯಾಗುತ್ತದೆ ಎಂಬುದನ್ನು ನಾವು ಕಡಿಮೆ ಅಂದಾಜು ಮಾಡುತ್ತೇವಂತೆ. ಕ್ಷಮೆ ಕೇಳುತ್ತಾ ಪುಟ ತುಂಬಿಸಬೇಡ, ಓದಿದವಳೇ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ನಿಮ್ಮಿಬ್ಬರಿಗೇ ಗೊತ್ತಿರುವ ಒಂದು ಹಳೆ ಸಂಗತಿಯಿಂದ ಶುರು ಮಾಡು. ಬರುತ್ತಿದ್ದೇನೆ, ನಿನ್ನನ್ನು ನೋಡಬೇಕು ಅಂತ ನೇರವಾಗಿ ಹೇಳು. ಉಳಿಯಲು ಜಾಗ ಕೇಳಬೇಡ, ಅವಳಾಗಿ ಕರೆದರೆ ಹೋಗು. ಮುಖ್ಯವಾಗಿ, ಇವತ್ತೇ ಬರೆ. ಅಲ್ಲಿ ಇಳಿದ ಮೇಲೆ ಬರೆದರೆ ಕೆಲಸವಿದ್ದಾಗ ಮಾತ್ರ ಇವಳಿಗೆ ನನ್ನ ನೆನಪಾಯಿತು ಅಂತ ಅವಳಿಗೆ ಅನ್ನಿಸಬಹುದು. ಉತ್ತರ ಚಿಕ್ಕದಾಗಿ ಬಂದರೆ ಬೇಜಾರು ಮಾಡಿಕೊಳ್ಳಬೇಡ. ಅವಳಿಗೂ ನೌಕರಿ, ಮಕ್ಕಳು ಇರುತ್ತಾರೆ.

ಇನ್ನು ಶಾಲೆ. ಅಲ್ಲಿನ ಹೈಸ್ಕೂಲುಗಳಲ್ಲಿ ಸಾಮಾನ್ಯವಾಗಿ ಶಿಕ್ಷಕರಿಗೇ ಸ್ವಂತ ಕೊಠಡಿ. ಗಂಟೆ ಹೊಡೆದಾಗ ಓಡಾಡುವವರು ಮಕ್ಕಳು. ಹಾಗಾಗಿ ಸ್ಟಾಫ್ ರೂಮಿನಲ್ಲಿ ಕಾದು ಕೂತರೆ ಎಷ್ಟೋ ಜನರ ಮುಖವನ್ನೇ ನೋಡುವುದಿಲ್ಲ. ಅವರ ಬಿಡುವಿನ ಅವಧಿ ಯಾವಾಗ ಅಂತ ಕೇಳಿಕೋ, ಆಗ ಅವರ ಕೊಠಡಿಗೇ ಹೋಗು. ಆ ಅವಧಿಯಲ್ಲಿ ಅವರು ತಿದ್ದುತ್ತಿರುತ್ತಾರೆ, ಮರುದಿನದ ಪಾಠ ಸಿದ್ಧ ಮಾಡುತ್ತಿರುತ್ತಾರೆ. ಹತ್ತು ನಿಮಿಷ ಸಾಕು. ಯಾವ ಪಾಠ ಮಕ್ಕಳಿಗೆ ಹಿಡಿಸಲಿಲ್ಲ ಅಂತ ಕೇಳು. ಶಿಕ್ಷಕರು ಮನಸ್ಸು ಬಿಚ್ಚಿ ಮಾತಾಡುವುದು ಅಲ್ಲಿಂದಲೇ. ನಿನ್ನ ತರಗತಿಯ ತೊಂದರೆಯನ್ನೂ ಮುಚ್ಚಿಡದೆ ಹೇಳು.

ತಮ್ಮತಮ್ಮಲ್ಲಿ ಅವರು ಹೆಸರು ಹಿಡಿದೇ ಕರೆಯುತ್ತಾರೆ. ಮಕ್ಕಳ ಮುಂದೆ ಮಾತ್ರ ಮಿಸ್ಟರ್, ಮಿಸ್ ಸೇರಿಸು. ಯಾವಾಗಲಾದರೂ ಸಿಗೋಣ ಅಂದರೆ ಅದಿನ್ನೂ ಆಹ್ವಾನವಲ್ಲ, ನೀನೇ ದಿನ, ಹೊತ್ತು ಕೇಳಿ ಗೊತ್ತು ಮಾಡಿಕೋ. ಅನುಮತಿ ಇಲ್ಲದೆ ಮಕ್ಕಳ ಫೋಟೋ ತೆಗೆಯಬೇಡ.

ಕೊನೆಯ ವಾರ ಬರುವ ಮೊದಲೇ ಅಲ್ಲಿನ ಒಬ್ಬಿಬ್ಬರು ಶಿಕ್ಷಕರ ಜೊತೆ ಕೂತು, ಎರಡೂ ಕಡೆಯ ಮಕ್ಕಳು ಸೇರಿ ಮಾಡಬಹುದಾದ ಒಂದು ಸಣ್ಣ ಕೆಲಸ ಗೊತ್ತು ಮಾಡು. ವಿಡಿಯೋ ಕರೆಗೆ ಹೊತ್ತು ಹೊಂದುವುದು ಕಷ್ಟ. ಮಕ್ಕಳು ಪತ್ರ ಬರೆದು, ಸ್ಕ್ಯಾನ್ ಮಾಡಿ ಕಳಿಸಿದರೂ ಆಯಿತು. ಶಾಲೆಯ ಇಮೇಲ್ ಜೊತೆಗೆ ಅವರ ಸ್ವಂತ ಇಮೇಲನ್ನೂ ಕೇಳಿ ಬರೆದುಕೋ. ಕೆಲಸ ಬದಲಾದರೆ ಶಾಲೆಯದು ನಿಂತುಹೋಗುತ್ತದೆ.

ಟಿಕೆಟ್ ಆದ ಕೂಡಲೇ ತಿಳಿಸು. ಆ ಗೆಳತಿ ಏನು ಉತ್ತರ ಬರೆದಳು ಅಂತಲೂ ಬರೆ.

ಇಂತು,
ನಿನ್ನ ದೊಡ್ಡಮ್ಮ